ಮಗಳನ್ನು ಸರ್ಕಾರಿ ಶಾಲೆಗೆ ಸೇರಿಸಬೇಕು. ‘ಬೆಂಗಳೂರು ದಕ್ಷಿಣ’ ಅಂದ್ರೆ ಯಾವ ದಕ್ಷಿಣ?

ಪ್ರೆಸ್ ಕೆಲಸದವ:
ಎಲ್ಲರಿಗೂ ನಮಸ್ಕಾರ. ಮಗಳು ಖಾಸಗಿ ಶಾಲೆಯಲ್ಲಿ ಮೂರನೇ ಕ್ಲಾಸ್ ಮುಗಿಸಿದ್ದಾಳೆ. ಈ ವರ್ಷದ ಫೀಸಿನ ಚೀಟಿ ಬಂದ ರಾತ್ರಿ ನಾನು, ನನ್ನ ಹೆಂಡತಿ ಕೂತು ಲೆಕ್ಕ ಹಾಕಿದೆವು. ಆಗಲ್ಲ. ಸರ್ಕಾರಿ ಶಾಲೆಗೆ ಹಾಕೋಣ ಅಂತ ತೀರ್ಮಾನ ಮಾಡಿದ್ದೇವೆ.

ನಮ್ಮ ಮನೆ ಹತ್ತಿರ ಒಂದೇ ರಸ್ತೆಯಲ್ಲಿ ಎರಡು ಶಾಲೆ ಇವೆ. ಒಂದರ ಬೋರ್ಡಿನಲ್ಲಿ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ’ ಅಂತ ಇದೆ. ಇನ್ನೊಂದರಲ್ಲಿ ಬಿಬಿಎಂಪಿ ಅಂತ ಇದೆ. ಎರಡೂ ಸರ್ಕಾರದ್ದೇ ಅಲ್ವಾ? ಹಾಗಿದ್ದರೆ ಬೇರೆ ಬೇರೆ ಯಾಕೆ? ವಿಚಾರಿಸೋಣ ಅಂತ ಅರ್ಧ ದಿನ ರಜೆ ಹಾಕಿ ಒಂದು ಆಫೀಸಿಗೆ ಹೋದೆ. ಹೊರಗೆ ‘ಬೆಂಗಳೂರು ದಕ್ಷಿಣ’ ಅಂತ ದೊಡ್ಡದಾಗಿ ಬರೆದಿತ್ತು. ಒಳಗಿದ್ದವರು ನನ್ನ ಏರಿಯಾ ಕೇಳಿ, ‘ನಿಮ್ಮದು ಬೇರೆ ದಕ್ಷಿಣ, ಇದಲ್ಲ’ ಅಂದರು. ಯಾವ ದಕ್ಷಿಣ ಅಂತ ಕೇಳುವಷ್ಟರಲ್ಲಿ ಊಟಕ್ಕೆ ಎದ್ದರು.

ಯಾರಾದ್ರೂ ಬಿಡಿಸಿ ಹೇಳಿ. ಶಾಲೆ ಯಾರದ್ದು, ಯಾರನ್ನು ಕೇಳಬೇಕು, ಏನೇನು ಕಾಗದ ಬೇಕು?

ಅನ್ನಸಾರು:
‘ಬೇರೆ ದಕ್ಷಿಣ’ 😂 ದಕ್ಷಿಣೆ ಕೇಳಲಿಲ್ಲ ತಾನೇ?

ಚಾಕ್‌ಪೀಸ್:
ಸರ್, ನಾನು ನಗರದ ಒಂದು ಸರ್ಕಾರಿ ಶಾಲೆಯಲ್ಲೇ ಪಾಠ ಮಾಡುವವಳು. ಮೊದಲು ಒಂದು ಮಾತು, ನೀವು ಆಫೀಸಿಗೆ ಹೋಗಲೇಬೇಕಾಗಿರಲಿಲ್ಲ. ಸೀದಾ ಶಾಲೆಗೆ ಹೋಗಿ ಎಚ್‌ಎಂ, ಅಂದರೆ ಮುಖ್ಯ ಶಿಕ್ಷಕರನ್ನು ನೋಡಿ. ದಾಖಲಾತಿ ಮಾಡಿಕೊಳ್ಳುವುದು ಅವರು. ಮಗುವಿನ ಆಧಾರ್, ಜನನ ಪ್ರಮಾಣಪತ್ರ, ಹಳೆ ಶಾಲೆಯ ಟಿಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಇದ್ದರೆ ತಗೊಂಡು ಹೋಗಿ. ಯಾವುದೋ ಒಂದು ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ, ಟಿಸಿ ತಡವಾದರೂ ಸೇರಿಸಿಕೊಳ್ಳಬೇಕು. ವರ್ಷದ ಮಧ್ಯೆ ಬಂದರೂ ಸೇರಿಸಿಕೊಳ್ಳಬೇಕು.

ಇನ್ನು ಬಿಬಿಎಂಪಿ ಶಾಲೆ. ಪಾಲಿಕೆ ನರ್ಸರಿಯಿಂದ ಡಿಗ್ರಿ ತನಕ ನೂರೈವತ್ತಕ್ಕೂ ಜಾಸ್ತಿ ಶಾಲೆ ಕಾಲೇಜು ನಡೆಸುತ್ತಾ ಬಂದಿದೆ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನರ್ಸರಿಗಳೇ. ಹೈಸ್ಕೂಲುಗಳೂ ಒಂದಷ್ಟು ಇವೆ. ಪ್ರಾಥಮಿಕ ಶಾಲೆ ಮಾತ್ರ ಬೆರಳೆಣಿಕೆಯಷ್ಟು. ನಿಮ್ಮ ರಸ್ತೆಯಲ್ಲಿರುವುದು ಬಹುಶಃ ಹೈಸ್ಕೂಲ್ ಇರಬೇಕು, ಇನ್ನೊಂದು ಸಲ ಬೋರ್ಡ್ ನೋಡಿ. ನಾಲ್ಕನೇ ಕ್ಲಾಸಿಗೆ ಇಲಾಖೆಯ ಶಾಲೆಗೇ ಹೋಗಿ.

ಹಳೇ ಪೇಟೆ:
ದಕ್ಷಿಣಗಳ ಲೆಕ್ಕ ನಾನು ಕೊಡುತ್ತೇನೆ. ಕೂತುಕೊಂಡು ಓದಿ.

1. ಬೆಂಗಳೂರು ದಕ್ಷಿಣ ಶೈಕ್ಷಣಿಕ ಜಿಲ್ಲೆ. ನಿಮಗೆ ಬೇಕಾಗಿರುವುದು ಇದು.
2. ಬೆಂಗಳೂರು ದಕ್ಷಿಣ ತಾಲ್ಲೂಕು. ಪಹಣಿಗೆ, ಜಾತಿ ಪ್ರಮಾಣಪತ್ರಕ್ಕೆ.
3. ಬೆಂಗಳೂರು ದಕ್ಷಿಣ ನಗರ ಪಾಲಿಕೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯನ್ನು ಐದು ಪಾಲಿಕೆ ಮಾಡಿದರಲ್ಲ, ಅದರಲ್ಲೊಂದು.
4. ಬೆಂಗಳೂರು ದಕ್ಷಿಣ ಜಿಲ್ಲೆ. ಇದು ನಿನ್ನೆ ಮೊನ್ನೆ ತನಕ ರಾಮನಗರ ಜಿಲ್ಲೆ ಆಗಿತ್ತು!
5. ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರ. ಶಾಲೆಗೆ ಇದರಿಂದ ಏನೂ ಆಗಬೇಕಾಗಿಲ್ಲ, ಆದರೆ ಫ್ಲೆಕ್ಸ್‌ನಲ್ಲಿ ಜಾಸ್ತಿ ಕಾಣುವುದು ಇದೇ.

ಒಂದರ ಗಡಿ ಇನ್ನೊಂದಕ್ಕೆ ಹೊಂದುವುದಿಲ್ಲ. ಆನೇಕಲ್ ಶಾಲೆಗಳು ದಕ್ಷಿಣ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ, ತಾಲ್ಲೂಕು ಮಾತ್ರ ಆನೇಕಲ್ಲೇ. ಚನ್ನಪಟ್ಟಣದವರು ಈಗ ಬೆಂಗಳೂರು ದಕ್ಷಿಣ ಜಿಲ್ಲೆಯವರು, ಆದರೆ ಅಲ್ಲಿನ ಮೇಷ್ಟ್ರಿಗೂ ನಮ್ಮ ದಕ್ಷಿಣ ಶೈಕ್ಷಣಿಕ ಜಿಲ್ಲೆಯ ಮುಖ್ಯಸ್ಥರಾದ ಡಿಡಿಪಿಐಗೂ ಏನೇನೂ ಸಂಬಂಧ ಇಲ್ಲ.

ಪ್ರೆಸ್ ಕೆಲಸದವ:
ಅಯ್ಯೋ ದೇವರೇ. ಶೈಕ್ಷಣಿಕ ಜಿಲ್ಲೆ ಅಂತ ಬೇರೆ ಯಾಕೆ ಮಾಡಿದ್ದಾರೆ? ಡಿಸಿ ಇರುವ ಜಿಲ್ಲೆ ಸಾಕಾಗಲಿಲ್ವಾ?

ನಿವೃತ್ತ ಎಚ್ಚೆಮ್:
36 ವರ್ಷ ಈ ಇಲಾಖೆಯಲ್ಲಿ ಇದ್ದೆ. ನಾನು ಹೇಳುತ್ತೇನೆ.

ರಾಜ್ಯದಲ್ಲಿ ಕಂದಾಯ ಜಿಲ್ಲೆ 31, ಶೈಕ್ಷಣಿಕ ಜಿಲ್ಲೆ 35. ಶಾಲೆಗಳು ಜಾಸ್ತಿ ಇರುವ, ಇಲ್ಲವೇ ಜಿಲ್ಲಾ ಕೇಂದ್ರ ತುಂಬಾ ದೂರ ಆಗುವ ನಾಲ್ಕು ಜಿಲ್ಲೆಗಳನ್ನು ಶಿಕ್ಷಣಕ್ಕೆ ಮಾತ್ರ ಎರಡೆರಡು ಮಾಡಿದ್ದಾರೆ. ಬೆಳಗಾವಿಗೆ ಚಿಕ್ಕೋಡಿ, ತುಮಕೂರಿಗೆ ಮಧುಗಿರಿ, ಉತ್ತರ ಕನ್ನಡಕ್ಕೆ ಶಿರಸಿ. ಬೆಂಗಳೂರು ನಗರಕ್ಕೆ ಉತ್ತರ ಮತ್ತು ದಕ್ಷಿಣ. ಒಂದೊಂದಕ್ಕೂ ಒಬ್ಬ ಉಪನಿರ್ದೇಶಕರು, ಅಂದರೆ ಡಿಡಿಪಿಐ. ಅವರ ಕೆಳಗೆ ಬ್ಲಾಕಿಗೊಬ್ಬ, ಅಂದರೆ ವಲಯಕ್ಕೊಬ್ಬ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ). ಉತ್ತರದಲ್ಲಿ 1ರಿಂದ 4 ಅಂತ ನಾಲ್ಕು ವಲಯ. ದಕ್ಷಿಣದಲ್ಲೂ 1ರಿಂದ 4, ಜೊತೆಗೆ ಆನೇಕಲ್. ನೀವು ಹೋಗಿದ್ದು ನಿಮ್ಮ ನಂಬರಿನ ವಲಯಕ್ಕಲ್ಲ, ಅಷ್ಟೇ. ಬಿಇಒ ಕೆಳಗೆ ಕ್ಲಸ್ಟರ್. ಹತ್ತಾರು ಶಾಲೆಗೆ ಒಬ್ಬ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಓಡಾಡುತ್ತಾ ಇರುತ್ತಾರೆ. ಮೇಲಕ್ಕೆ ಹೋದರೆ ನೃಪತುಂಗ ರಸ್ತೆಯಲ್ಲಿ ಆಯುಕ್ತರು.

ಸಂಬಳ ಕೊಡುವುದು ರಾಜ್ಯ. ಊಟದ ಹಣ ಕೇಂದ್ರ, ರಾಜ್ಯ ಎರಡೂ. ಹೊಸ ಕೊಠಡಿ ಬೇಕು ಅಂದರೆ ಸಮಗ್ರ ಶಿಕ್ಷಣ ಅನ್ನುವ ಯೋಜನೆಯ ದುಡ್ಡು, ಶಾಸಕರ ನಿಧಿ, ಇಲ್ಲಾ ಯಾವುದಾದರೂ ಕಂಪನಿ. ಶಾಲೆ ಮುಂದಿನ ಚರಂಡಿ ಪಾಲಿಕೆದು. ಮರದ ಕೊಂಬೆ ಬಿದ್ದರೆ ಪಾಲಿಕೆಯ ಅರಣ್ಯ ವಿಭಾಗ. ನಮ್ಮ ಶಾಲೆ ಕಾಂಪೌಂಡ್ ಮೇಲೆ ಒಂದು ಕೊಂಬೆ ಬಿದ್ದಾಗ ನಾನು ನಾಲ್ಕು ಕಡೆ ಕಾಗದ ಬರೆದೆ. ಕೊನೆಗೆ ಪಕ್ಕದ ಇಸ್ತ್ರಿ ಅಂಗಡಿಯವನು ಸೌದೆಗೆ ಬೇಕು ಅಂತ ಕಡಿದುಕೊಂಡು ಹೋದ.

ಅನ್ನಸಾರು:
ಇಸ್ತ್ರಿ ಅಂಗಡಿಯವರನ್ನೇ ಆಯುಕ್ತರನ್ನಾಗಿ ಮಾಡಿ.

ಸಿಲ್ಕ್‌ಬೋರ್ಡ್ ಸಂತ್ರಸ್ತ:
ಎಲ್ಲಾ ಸರಿ. ಒಂದು ಪ್ರಶ್ನೆ. ಇಲ್ಲಿ ಉಪದೇಶ ಮಾಡುತ್ತಿರುವ ಮೇಷ್ಟ್ರುಗಳ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ?

ಚಾಕ್‌ಪೀಸ್:
ಬಂತು ನೋಡಿ, ಈ ಪ್ರಶ್ನೆ ಇಲ್ಲದೆ ಸರ್ಕಾರಿ ಶಾಲೆಯ ಚರ್ಚೆಯೇ ಆಗಲ್ಲ. ನನ್ನ ಮಗ ಏಳನೇ ಕ್ಲಾಸ್ ತನಕ ನನ್ನ ಶಾಲೆಯಲ್ಲೇ ಓದಿದ. ಎಂಟನೆಯದಕ್ಕೆ ಖಾಸಗಿಗೆ ಹಾಕಿದೆ. ಯಾಕೆ ಗೊತ್ತಾ? ಆ ವರ್ಷ ನಮ್ಮ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತಕ್ಕೆ ಕಾಯಂ ಮೇಷ್ಟ್ರು ಇರಲಿಲ್ಲ. ಅತಿಥಿ ಶಿಕ್ಷಕರೊಬ್ಬರು ಇದ್ದರು, ಚೆನ್ನಾಗಿಯೇ ಮಾಡುತ್ತಿದ್ದರು. ತಿಂಗಳಿಗೆ 10,500 ರೂಪಾಯಿ ಕೊಟ್ಟರೆ ಬೆಂಗಳೂರಿನಲ್ಲಿ ಎಷ್ಟು ದಿನ ಇರುತ್ತಾರೆ? ಹೋದರು. 2025ರ ಬಜೆಟ್‌ನಲ್ಲಿ ಎರಡು ಸಾವಿರ ಜಾಸ್ತಿ ಮಾಡಿದ್ದಾರೆ. ರೂಮ್ ಬಾಡಿಗೆಗೂ ಸಾಲುವುದಿಲ್ಲ.

ಸಿಲ್ಕ್‌ಬೋರ್ಡ್ ಸಂತ್ರಸ್ತ:
ನೇರವಾಗಿ ಒಪ್ಪಿಕೊಂಡಿರಿ, ಅದಕ್ಕೆ ಥ್ಯಾಂಕ್ಸ್ ಮೇಡಂ. ಆದರೆ ಬೆಂಗಳೂರಿನಲ್ಲಿ ಮೇಷ್ಟ್ರು ಜಾಸ್ತಿ, ಮಕ್ಕಳು ಕಡಿಮೆ ಅಂತಾರಲ್ಲ?

ನಿವೃತ್ತ ಎಚ್ಚೆಮ್:
ಎರಡೂ ನಿಜ. ಕೇಳಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಕಿರಿಯ ತರಗತಿಗಳಲ್ಲಿ 30 ಮಕ್ಕಳಿಗೆ ಒಬ್ಬರು. 60 ಮಕ್ಕಳ ತನಕ ಇಬ್ಬರು ಮೇಷ್ಟ್ರು. ಹಳೆ ಪೇಟೆಯೊಳಗಿನ ಶಾಲೆಗಳಲ್ಲಿ ಮನೆಗಳೆಲ್ಲ ಗೋಡೌನ್ ಆಗಿಬಿಟ್ಟಿವೆ, ಮಕ್ಕಳೇ ಇಲ್ಲ. ಅಲ್ಲಿ ಮೇಷ್ಟ್ರು ‘ಹೆಚ್ಚುವರಿ’ ಆಗುತ್ತಾರೆ. ಊರಾಚೆ ಹೊಸ ಬಡಾವಣೆ, ಗಾರೆ ಕೆಲಸದವರ ಶೆಡ್‌ಗಳು ಇರುವ ಕಡೆ ಒಂದು ಕೋಣೆಗೆ 70 ಮಕ್ಕಳು. ಅಲ್ಲಿ ಮೇಷ್ಟ್ರು ಸಾಲದು. ಸರಾಸರಿ ಹಾಕಿದರೆ ಎಲ್ಲಾ ಸರಿಯಾಗಿಯೇ ಕಾಣುತ್ತದೆ.

ಎ ವಲಯದಲ್ಲಿ, ಅಂದರೆ ನಗರದೊಳಗೆ, ಹತ್ತು ವರ್ಷಕ್ಕಿಂತ ಜಾಸ್ತಿ ಇದ್ದವರನ್ನು ಹಳ್ಳಿಯ ಸಿ ವಲಯಕ್ಕೆ ಕಳಿಸುವ ವರ್ಗಾವಣೆ ನಿಯಮ ಇತ್ತು. 2019ರಲ್ಲಿ ಆದ ಗಲಾಟೆ ನೆನಪಿದೆಯಾ? ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಅಂತ. ಅದಾದ ಮೇಲೆ 2020ರಲ್ಲಿ ಹೊಸ ವರ್ಗಾವಣೆ ಕಾಯ್ದೆ ಮಾಡಿದರು. ಕೌನ್ಸೆಲಿಂಗ್ ಹಾಲಿನಲ್ಲಿ ಪರದೆ ಮೇಲೆ ಖಾಲಿ ಹುದ್ದೆಯ ಪಟ್ಟಿ ಓಡುತ್ತಿರುತ್ತದೆ. ನಿಮ್ಮ ಸರದಿ ಬಂದಾಗ ನಿಮಗೆ ಬೇಕಾದ ಊರು ಆಗಲೇ ಹೋಗಿರುತ್ತದೆ. ನನ್ನ ಕಣ್ಣೆದುರೇ ಒಬ್ಬ ಮೇಡಂ ಮೈಕ್ ಮುಂದೆ ನಿಂತು ಊರಿನ ಹೆಸರು ಹೇಳಲಾಗದೆ ಅತ್ತುಬಿಟ್ಟರು.

ಎಸ್‌ಡಿಎಂಸಿ ಅಕ್ಕ:
ನಾನು ಟೈಲರಿಂಗ್ ಮಾಡುತ್ತೇನೆ. ನಮ್ಮ ಶಾಲೆಯ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಅಧ್ಯಕ್ಷೆ ಕೂಡ. ಪ್ರೆಸ್ ಅಣ್ಣ, ನೀವು ಶಾಲೆಗೆ ಹೋದ ದಿನವೇ ಎಸ್‌ಡಿಎಂಸಿಯಲ್ಲಿ ಯಾರಿದ್ದಾರೆ ಅಂತ ಕೇಳಿ. 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಈ ಸಮಿತಿ ಇದೆ. ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧ ಹೆಂಗಸರು ಇರಬೇಕು ಅಂತ ಕಾಯ್ದೆಯಲ್ಲೇ ಇದೆ. ನನಗೆ ಮೊದಲು ಗೊತ್ತಿರಲಿಲ್ಲ. ಮೀಟಿಂಗ್ ಅಂದರೆ ಸಹಿ ಹಾಕಿ ಟೀ ಕುಡಿದು ಬರೋದು ಅಂದುಕೊಂಡಿದ್ದೆ.

ಆಮೇಲೆ ಒಂದು ದಿನ ಲೆಕ್ಕದ ಪುಸ್ತಕ ನೋಡಿದೆ. ಶಾಲೆಗೆ ಬರೋ ಅನುದಾನದಲ್ಲಿ ಸೀಮೆಸುಣ್ಣ, ಪೊರಕೆ, ಫಿನಾಯಿಲ್, ಎಲ್ಲಾ ಅದರಲ್ಲೇ. ಕರೆಂಟ್ ಬಿಲ್ಲೂ ಅದರಲ್ಲೇ ಕಟ್ಟಬೇಕಿತ್ತು. ಈಗ ಕರೆಂಟು, ನೀರು ಉಚಿತ ಮಾಡಿದ್ದಾರೆ, 2023ರ ರಾಜ್ಯೋತ್ಸವದ ದಿನ ಘೋಷಿಸಿದ್ದು. ಆದರೆ ಟಾಯ್ಲೆಟ್ ತೊಳೆಯೋಕೆ ಜನ ಇಲ್ಲ. ನಾವು ನಾಲ್ಕು ಜನ ತಾಯಂದಿರು ತಿಂಗಳಿಗೆ ಇಷ್ಟು ಅಂತ ಹಾಕಿ ಒಬ್ಬರನ್ನು ಇಟ್ಟುಕೊಂಡಿದ್ದೇವೆ.

ಸಿಲ್ಕ್‌ಬೋರ್ಡ್ ಸಂತ್ರಸ್ತ:
ಅಂದ್ರೆ ಉಚಿತ ಶಾಲೆಗೆ ನೀವು ದುಡ್ಡು ಕೊಡುತ್ತಿದ್ದೀರಿ. ಅಲ್ವಾ?

ಎಸ್‌ಡಿಎಂಸಿ ಅಕ್ಕ:
ಹೌದು ಕಣಪ್ಪ, ಕೊಡುತ್ತಿದ್ದೇವೆ. ಮಗಳು ಟಾಯ್ಲೆಟ್‌ಗೆ ಹೋಗದೆ ಸಂಜೆ ತನಕ ತಡೆದುಕೊಂಡು ಮನೆಗೆ ಓಡಿ ಬರುತ್ತಿದ್ದಳು. ನೀನಾಗಿದ್ರೆ ಏನು ಮಾಡುತ್ತಿದ್ದೆ?

ಹಳೇ ಪೇಟೆ:
2022ರ ಅಕ್ಟೋಬರ್‌ನಲ್ಲಿ ಇಲಾಖೆಯೇ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ತಗೊಳ್ಳಬಹುದು ಅಂತ ಸುತ್ತೋಲೆ ಹೊರಡಿಸಿತ್ತು. ಎಲ್ಲಾ ಕಡೆ ಬೈಸಿಕೊಂಡ ಮೇಲೆ ವಾಪಸ್ ತಗೊಂಡಿತು. ಸುತ್ತೋಲೆ ಹೋಯಿತು, ಟಾಯ್ಲೆಟ್ ಹಾಗೇ ಇದೆ.

ಫ್ರೀಮಾಂಟ್ ರಾಯ:
ನಾನು ಹದಿನೈದು ವರ್ಷದಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇನೆ. ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ಪೂರ್ತಿ ಸ್ವತಂತ್ರ ಸಂಸ್ಥೆ. ಊರಿನ ಮೇಯರ್‌ಗೂ ಅದಕ್ಕೂ ಸಂಬಂಧ ಇಲ್ಲ. ಐದು ಜನರ ಶಾಲಾ ಮಂಡಳಿ, ಅವರನ್ನು ನಾವೇ ವೋಟ್ ಹಾಕಿ ಆರಿಸುತ್ತೇವೆ. ಸೂಪರಿಂಟೆಂಡೆಂಟ್‌ನನ್ನು ಕೆಲಸಕ್ಕೆ ತಗೊಳ್ಳೋದೂ, ತೆಗೆಯೋದೂ ಆ ಐದು ಜನ. ಮೀಟಿಂಗ್‌ನಲ್ಲಿ ಯಾರು ಬೇಕಾದರೂ ಎದ್ದು ನಿಂತು ಕೇಳಬಹುದು. ನಮ್ಮಲ್ಲೂ ಹಾಗೆ ಮಾಡಿದರೆ ಈ ಐದು ದಕ್ಷಿಣದ ಸಮಸ್ಯೆಯೇ ಇರಲ್ಲ.

ಸಿಲ್ಕ್‌ಬೋರ್ಡ್ ಸಂತ್ರಸ್ತ:
ರಾಯರೇ, ಅಲ್ಲಿ ಒಳ್ಳೆ ಶಾಲೆ ಬೇಕು ಅಂದರೆ ಆ ಶಾಲೆಯ ಗಡಿಯೊಳಗೆ ಮನೆ ತಗೋಬೇಕಲ್ಲ? ನಿಮ್ಮ ಮನೆ ರೇಟ್ ಹೇಳಿಬಿಡಿ.

ಫ್ರೀಮಾಂಟ್ ರಾಯ:
ಆ ವಿಷಯ ಬೇಡ ಬಿಡಿ 🙏 ನಮ್ಮ ಕನ್ನಡ ಗುಂಪಿನಲ್ಲಿ ಮದುವೆ ಮಾತುಕತೆಗಿಂತ ಜಾಸ್ತಿ ಚರ್ಚೆ ಆಗೋದು ಯಾವ ಹೈಸ್ಕೂಲಿನ ಗಡಿ ಯಾವ ರಸ್ತೆ ತನಕ ಅಂತಲೇ.

ಹುಬ್ಬಳ್ಳಿ ಮಂದಿ:
ನಮ್ಮ ಕಡೆ ಶಾಲಿಗೆ ಹೆಸರಿಗಿಂತ ನಂಬರ್ ಮುಖ್ಯ ನೋಡ್ರಿ. ‘ಗಂಡು ಮಕ್ಕಳ ಶಾಲಿ ನಂಬರ್ ನಾಕು’, ‘ಹೆಣ್ಣು ಮಕ್ಕಳ ಶಾಲಿ ನಂಬರ್ ಎರಡು’ ಹಿಂಗ. ಮುಂಬೈ ಪ್ರಾಂತ್ಯದಾಗ ಇದ್ದಾಗ ಮುನ್ಸಿಪಲ್ ಸ್ಕೂಲ್ ಬೋರ್ಡ್ ಇತ್ತು, ಅದರ ಪಳೆಯುಳಿಕೆ ಇದು. ಕರ್ನಾಟಕ ಒಂದಾದ ಮ್ಯಾಲೆ ಎಲ್ಲಾ ಇಲಾಖೆಗೆ ಹೋತು. ನಂಬರ್ ಮಾತ್ರ ಉಳೀತು.

ಕುರ್ಲಾ ಕನ್ನಡಿಗ:
ಮುಂಬೈ ಮಾತು ಬಂತಲ್ಲ, ನಾನೂ ಒಂದು ಹೇಳುತ್ತೇನೆ. ಇಲ್ಲಿ ಶಾಲೆ ನಡೆಸುವುದು ಪಾಲಿಕೆಯ ದೊಡ್ಡ ಕೆಲಸ. ಬೆಂಗಳೂರಿನ ಹಾಗೆ ಉಪ್ಪಿನಕಾಯಿ ಅಲ್ಲ. ಮುಂಬೈ ಪಾಲಿಕೆ ಎಂಟು ಭಾಷೆಯಲ್ಲಿ ಶಾಲೆ ನಡೆಸುತ್ತದೆ. ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ. ನಾನು ಓದಿದ್ದು ಪಾಲಿಕೆಯ ಕನ್ನಡ ಶಾಲೆಯಲ್ಲೇ. ಒಂದೇ ಕಟ್ಟಡ. ಕೆಳಗೆ ಮರಾಠಿ, ಒಂದನೇ ಮಹಡಿಯಲ್ಲಿ ಉರ್ದು, ಮೇಲೆ ನಾವು. ಬಿಡುವಿನ ಹೊತ್ತು ಮೂರು ಭಾಷೆಯ ಬೈಗುಳ ಒಂದೇ ಮೆಟ್ಟಿಲಲ್ಲಿ ಇಳಿಯುತ್ತಿತ್ತು. ಈಗ ಕನ್ನಡಕ್ಕೆ ಮಕ್ಕಳು ಬಹಳ ಕಡಿಮೆ.

ಹಳೇ ಪೇಟೆ:
ಕುರ್ಲಾ ಸರ್ ಹೇಳಿದ್ದು ಬೆಂಗಳೂರಿಗೂ ಬರುತ್ತದೆ. ಇಲ್ಲಿಯೂ ಸರ್ಕಾರಿ ಉರ್ದು ಶಾಲೆ, ತಮಿಳು ಶಾಲೆ, ತೆಲುಗು ಶಾಲೆ ಇವೆ. ಕಾರಣ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1947ರ ತನಕ ಬೆಂಗಳೂರು ಎರಡು ಊರು. ಕಬ್ಬನ್ ಪಾರ್ಕಿನ ಈ ಕಡೆ ಪೇಟೆ, ಬಸವನಗುಡಿ, ಮಲ್ಲೇಶ್ವರ. ಇದು ಮೈಸೂರು ಮಹಾರಾಜರ ಸರ್ಕಾರದ್ದು. ಆ ಕಡೆ ದಂಡು, ಅಂದರೆ ಹಲಸೂರು, ಶಿವಾಜಿನಗರ, ಫ್ರೇಜರ್ ಟೌನ್. ಇದು 1881ರಿಂದ ಬ್ರಿಟಿಷರ ಕೈಯಲ್ಲಿ. ಬೇರೆ ಆಡಳಿತ, ಬೇರೆ ಮುನ್ಸಿಪಾಲಿಟಿ. ದಂಡಿನಲ್ಲಿ ತಮಿಳು, ಉರ್ದು ಮಾತಾಡುವ ಜನ ಜಾಸ್ತಿ, ಹಾಗಾಗಿ ಶಾಲೆಗಳೂ ಆ ಭಾಷೆಗಳಲ್ಲೇ. ಅರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ದಂಡಿನ ಮಕ್ಕಳಿಗೆ ಶಾಲೆ ಶುರು ಮಾಡಿದ್ದು 1873ರಲ್ಲಿ.

ಪೇಟೆ ಕಡೆ ಕಥೆ ಬೇರೆ. ಮೈಸೂರು ಸೀಮೆಯಲ್ಲಿ ಶಿಕ್ಷಣ ಇಲಾಖೆ ಅಂತ ಹುಟ್ಟಿದ್ದೇ 1857ರಲ್ಲಿ. ಮರುವರ್ಷ ಬೆಂಗಳೂರಿಗೆ ಒಂದು ಹೈಸ್ಕೂಲು ಬಂತು. ಅದೇ ಮುಂದೆ ಸೆಂಟ್ರಲ್ ಕಾಲೇಜು ಆಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು. ಮೊದಲಿಗೆ ಆಯ್ದ ಊರುಗಳಲ್ಲಿ ಮಾತ್ರ. ಕೆ.ಆರ್. ಮಾರ್ಕೆಟ್ ಹತ್ತಿರದ ಕೋಟೆ ಹೈಸ್ಕೂಲ್ ಕಟ್ಟಡ ನೋಡಿದ್ದೀರಾ? ನೂರು ವರ್ಷ ದಾಟಿದೆ. ಬಸ್ಸಿನಲ್ಲಿ ಹೋಗುವಾಗ ಎಲ್ಲರೂ ಟ್ರಾಫಿಕ್ ಬೈಯುತ್ತಾ ಅದನ್ನು ನೋಡದೆ ಹೋಗುತ್ತಾರೆ.

1949ರಲ್ಲಿ ಎರಡೂ ಊರು ಸೇರಿ ಕಾರ್ಪೊರೇಷನ್ ಆಯಿತು. 2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿ ಬಿಬಿಎಂಪಿ ಆಯಿತು. ಆ 110 ಹಳ್ಳಿಯ ಶಾಲೆಗಳು ಹಳ್ಳಿ ಶಾಲೆಗಳಾಗಿಯೇ ನಗರದೊಳಗೆ ಬಂದವು. ಹೆಂಚಿನ ಮಾಡು, ಮುಂದೆ ಅರಳಿಕಟ್ಟೆ, ಹಿಂದೆ ಇಪ್ಪತ್ತು ಮಹಡಿಯ ಅಪಾರ್ಟ್‌ಮೆಂಟ್. ಅಪಾರ್ಟ್‌ಮೆಂಟಿನ ಒಂದು ಮಗುವೂ ಆ ಶಾಲೆಗೆ ಬರಲ್ಲ. ಅಲ್ಲಿ ಮನೆಗೆಲಸ ಮಾಡುವವರ ಮಕ್ಕಳೆಲ್ಲ ಬರುತ್ತಾರೆ.

ಅನ್ನಸಾರು:
ಮೇಷ್ಟ್ರೇ, ಪರೀಕ್ಷೆಗೆ ಇದೆಲ್ಲಾ ಬರುತ್ತಾ?

ನಿವೃತ್ತ ಎಚ್ಚೆಮ್:
ಹಳೇ ಪೇಟೆಯವರೇ, ಚೆನ್ನಾಗಿ ಬರೆದಿದ್ದೀರಿ. ಒಂದು ಸೇರಿಸುತ್ತೇನೆ. ನಾನು ಎಚ್‌ಎಂ ಆಗಿದ್ದ ಶಾಲೆಯ ಕಬ್ಬಿಣದ ಬೀರುವಿನಲ್ಲಿ 1950ರ ದಶಕದ ದಾಖಲಾತಿ ವಹಿ ಇತ್ತು. ಹುಳ ತಿಂದ ರಟ್ಟು, ಒಳಗೆ ಮಸಿ ಪೆನ್ನಿನ ಮುತ್ತಿನಂಥ ಅಕ್ಷರ. ತಂದೆಯ ಕೆಲಸ ಅನ್ನುವ ಕಾಲಂ ಓದಿದರೆ ಆಗಿನ ಬಡಾವಣೆ ಕಣ್ಣ ಮುಂದೆ ಬರುತ್ತದೆ. ಮಗ್ಗ, ಜಟಕಾ, ಮಿಲ್ಲು, ಸೊಪ್ಪಿನ ವ್ಯಾಪಾರ, ಮತ್ತೆ ಮಗ್ಗ. ಈಗ ಪೆನ್ಷನ್‌ಗೋ, ಜಮೀನು ಪಾಲಿಗೋ ಜನ್ಮ ದಿನಾಂಕ ಬೇಕು ಅಂತ ಎಂಬತ್ತು ವರ್ಷದವರು ಕೋಲೂರಿಕೊಂಡು ಬರುತ್ತಾರೆ. ಹೆಸರು ಸಿಕ್ಕಿದರೆ ಬೆರಳಿಟ್ಟು ನೋಡುತ್ತಾ ಕೂರುತ್ತಾರೆ. ಒಬ್ಬರು ಪಕ್ಕದ ಸಾಲಿನಲ್ಲಿದ್ದ ಹೆಸರು ನೋಡಿ, ‘ಇವನು ನನ್ನ ಬಳಪ ಕದ್ದಿದ್ದ’ ಅಂದರು.

ಪ್ರೆಸ್ ಕೆಲಸದವ:
ಎಷ್ಟೊಂದು ವಿಷಯ! ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಕೇಳಬೇಕು. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಸೀಟ್ ಸಿಕ್ಕಿದ್ದರೆ ಖಾಸಗಿಯಲ್ಲೇ ಉಚಿತವಾಗಿ ಓದಿಸಬಹುದಿತ್ತಲ್ಲ? ನಮ್ಮ ಅಕ್ಕನ ಮಗ 2015ರಲ್ಲಿ ಹಾಗೆ ಸೇರಿದ್ದ. ನಾವು ಕೇಳಿದಾಗ ನಿಮ್ಮ ವಾರ್ಡಿಗೆ ಇಲ್ಲ ಅಂದರು.

ಚಾಕ್‌ಪೀಸ್:
ಕಾಯ್ದೆ 2010ರಲ್ಲಿ ಜಾರಿಗೆ ಬಂತು. ಖಾಸಗಿ ಶಾಲೆಯ ನೂರಕ್ಕೆ 25 ಸೀಟು ಬಡ ಮಕ್ಕಳಿಗೆ ಅಂತ. ನಮ್ಮಲ್ಲಿ 2012ರಿಂದ ಶುರುವಾಯಿತು. ಆಮೇಲೆ 2019ರ ಸಾಲಿಗೆ ನಿಯಮ ಬದಲಾಯಿಸಿದರು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆರ್‌ಟಿಇ ಸೀಟು ಇಲ್ಲ. ನಗರದಲ್ಲಿ ‘ಹತ್ತಿರ’ ಅಂದರೆ ವಾರ್ಡು. ಬೆಂಗಳೂರಿನಲ್ಲಿ ಯಾವ ವಾರ್ಡಿನಲ್ಲಿ ಸರ್ಕಾರಿಯೋ ಅನುದಾನಿತವೋ ಒಂದು ಶಾಲೆ ಇರಲ್ಲ ಹೇಳಿ? ಸೀಟುಗಳೆಲ್ಲಾ ಕರಗಿಹೋದವು. ಹೈಕೋರ್ಟ್ ಕೂಡ ನಿಯಮ ಸರಿ ಅಂದಿತು.

ನಮ್ಮ ಸಹೋದ್ಯೋಗಿಗಳಲ್ಲಿ ಬಹಳ ಜನಕ್ಕೆ ಇದು ಖುಷಿ. ನಮ್ಮ ಮಕ್ಕಳನ್ನು ಸರ್ಕಾರವೇ ದುಡ್ಡು ಕೊಟ್ಟು ಖಾಸಗಿಗೆ ಕಳಿಸುತ್ತಿತ್ತು, ಅದು ನಿಂತಿತು ಅಂತ. ನನಗೆ ಅರ್ಧ ಖುಷಿ. ನಿಂತಿತು ಸರಿ, ಆ ದುಡ್ಡು ನಮ್ಮ ಶಾಲೆಗೆ ಬಂತಾ?

ಸಿಲ್ಕ್‌ಬೋರ್ಡ್ ಸಂತ್ರಸ್ತ:
ಜನ ಖಾಸಗಿಗೆ ಹೋಗೋದು ಇಂಗ್ಲಿಷ್‌ಗೆ. ಅದನ್ನು ಮೊದಲೇ ಕೊಟ್ಟಿದ್ದರೆ ಈ ಗತಿ ಬರುತ್ತಿರಲಿಲ್ಲ. ನನ್ನ ತಮ್ಮ ಕನ್ನಡ ಮಾಧ್ಯಮ, ಇಂಜಿನಿಯರಿಂಗ್ ಮೊದಲ ವರ್ಷ ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ.

ಹುಬ್ಬಳ್ಳಿ ಮಂದಿ:
ಬಾಯಿ ಬಿಡದಿದ್ರೂ ಪಾಸಾದನಿಲ್ಲೋ?

ಸಿಲ್ಕ್‌ಬೋರ್ಡ್ ಸಂತ್ರಸ್ತ:
ಆದ. ಈಗ ನನಗಿಂತ ಸಂಬಳ ಜಾಸ್ತಿ. ಅದು ಬೇರೆ ವಿಷಯ.

ಹಳೇ ಪೇಟೆ:
😄 ಮಾಧ್ಯಮದ ಜಗಳ ಇಲ್ಲಿ ಮುಗಿಯಲ್ಲ. 1994ರಲ್ಲಿ ನಾಲ್ಕನೇ ಕ್ಲಾಸ್ ತನಕ ಮಾತೃಭಾಷೆಯಲ್ಲೇ ಕಲಿಸಬೇಕು ಅಂತ ಸರ್ಕಾರ ಆದೇಶ ಮಾಡಿತು. ಇಪ್ಪತ್ತು ವರ್ಷ ಕೋರ್ಟಿನಲ್ಲಿ ಎಳೆದಾಡಿ 2014ರ ಮೇನಲ್ಲಿ ಸುಪ್ರೀಂ ಕೋರ್ಟ್ ಅದು ನಡೆಯಲ್ಲ ಅಂದಿತು. 2019ರಲ್ಲಿ ಅದೇ ಸರ್ಕಾರ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ತಾನೇ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಪಕ್ಷ ಬೇರೆ ಬೇರೆ, ಕುರ್ಚಿ ಅದೇ.

ಚಾಕ್‌ಪೀಸ್:
ತೆರೆದಿದ್ದು ನಿಜ. ಇಂಗ್ಲಿಷ್ ಮಾಧ್ಯಮಕ್ಕೆ ಅಂತ ಹೊಸ ಮೇಷ್ಟ್ರು ಬರಲಿಲ್ಲ. ನಮಗೇ ಕೆಲವು ದಿನ ತರಬೇತಿ ಕೊಟ್ಟರು. ನನ್ನ ಕ್ಲಾಸಿನಲ್ಲಿ ಈಗ ಯಾದಗಿರಿ, ರಾಯಚೂರಿನಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಅರ್ಧ. ಬಿಹಾರದ ಮಕ್ಕಳು ನಾಲ್ಕು. ಸೆಕ್ಯುರಿಟಿ ಕೆಲಸದವರ ನೇಪಾಳಿ ಹುಡುಗಿ ಒಬ್ಬಳು. ಆ ನೇಪಾಳಿ ಹುಡುಗಿಯ ಕನ್ನಡ ಕೇಳಬೇಕು ನೀವು. ಯಾದಗಿರಿಯವರ ಜೊತೆ ಆಡಿ ಆಡಿ, ‘ಮಿಸ್, ಇವ ನನಗ ಹೊಡ್ಯಾಕ್ ಹತ್ಯಾನ್ರೀ’ ಅಂತಾಳೆ. ಇಂಗ್ಲಿಷ್ ಪುಸ್ತಕ ಹಿಡಿದು ಕನ್ನಡದಲ್ಲಿ ವಿವರಿಸಿ, ಬಿಹಾರದ ಮಗುವಿಗೆ ಹಿಂದಿಯಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಇದು ಯಾವ ಮಾಧ್ಯಮ ಅಂತ ನೃಪತುಂಗ ರಸ್ತೆಯವರು ಹೇಳಬೇಕು.

ಅಕ್ಟೋಬರ್ ಬಂದರೆ ಆ ಯಾದಗಿರಿ ಮಕ್ಕಳು ಊರಿಗೆ ಹೋಗುತ್ತಾರೆ. ಕೆಲವರು ವಾಪಸ್ ಬರಲ್ಲ. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಬೆಂಚು ಖಾಲಿ.

ಅನ್ನಸಾರು:
ಊಟ ಹೇಗಿದೆ? ಮುಖ್ಯ ವಿಷಯ ಯಾರೂ ಮಾತಾಡುತ್ತಿಲ್ಲ.

ಎಸ್‌ಡಿಎಂಸಿ ಅಕ್ಕ:
ನಮ್ಮ ಶಾಲೆಗೆ ಅಕ್ಷಯ ಪಾತ್ರೆ ಸಂಸ್ಥೆಯ ಊಟದ ವ್ಯಾನ್ ಬರುತ್ತದೆ. ಹನ್ನೆರಡರ ಒಳಗೆ ಸ್ಟೀಲ್ ಡ್ರಮ್ ಇಳಿಸಿ ಹೋಗುತ್ತಾರೆ. ಬಿಸಿ ಇರುತ್ತದೆ, ಶುಚಿಯಾಗಿರುತ್ತದೆ. ಮಕ್ಕಳಿಗೆ ಬಿಸಿಬೇಳೆ ದಿನ ಹಬ್ಬ. ಬೆಳಿಗ್ಗೆ ಹಾಲು, ರಾಗಿ ಮಾಲ್ಟ್. ಮೊಟ್ಟೆಯನ್ನು ಶಾಲೆಯಲ್ಲೇ ಬೇಯಿಸುತ್ತೇವೆ, ಬೇಡದವರಿಗೆ ಬಾಳೆಹಣ್ಣು.

ಹಳೇ ಪೇಟೆ:
ಅಕ್ಷಯ ಪಾತ್ರೆ ಶುರುವಾಗಿದ್ದು ಬೆಂಗಳೂರಿನಲ್ಲೇ. 2000ರಲ್ಲಿ, ಐದು ಶಾಲೆ, 1,500 ಮಕ್ಕಳು. ಸರ್ಕಾರದ ಬಿಸಿಯೂಟ ಯೋಜನೆ, ಅಕ್ಷರ ದಾಸೋಹ, ಆಮೇಲೆ ಬಂತು. ಹಳ್ಳಿ ಶಾಲೆಯಲ್ಲಿ ಅಡುಗೆಯಮ್ಮ ಅಲ್ಲೇ ಮಾಡುತ್ತಾರೆ. ನಗರದಲ್ಲಿ ಅಡುಗೆ ಕೋಣೆಗೆ ಜಾಗ ಎಲ್ಲಿದೆ? ಹಾಗಾಗಿ ಒಂದೇ ದೊಡ್ಡ ಅಡುಗೆಮನೆಯಿಂದ ನೂರಾರು ಶಾಲೆಗೆ ಹೋಗುತ್ತದೆ. 2019ರಲ್ಲಿ ಈರುಳ್ಳಿ, ಬೆಳ್ಳುಳ್ಳಿ ಹಾಕಲ್ಲ ಅಂತ ದೊಡ್ಡ ಚರ್ಚೆ ಆಗಿತ್ತಲ್ಲ.

ಸಿಲ್ಕ್‌ಬೋರ್ಡ್ ಸಂತ್ರಸ್ತ:
ಬೆಳ್ಳುಳ್ಳಿ ಇಲ್ಲದ ಸಾರು ಸಾರೇ ಅಲ್ಲ.

ಫ್ರೀಮಾಂಟ್ ರಾಯ:
ಒಪ್ಪಲ್ಲ. ನಮ್ಮಮ್ಮನ ಸಾರಿಗೆ ಬೆಳ್ಳುಳ್ಳಿ ಬೀಳುತ್ತಿರಲಿಲ್ಲ. ಇಂಗು ಸಾಕು.

ಹುಬ್ಬಳ್ಳಿ ಮಂದಿ:
ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಹಾಕಲಿಲ್ಲಂದ್ರ ಏನ್ ಹಾಕ್ತೀರಿ ಮತ್ತ?

ನಿರ್ವಾಹಕ:
ಸಾರು, ಚಟ್ನಿಗೆ ಬೇರೆ ಎಳೆ ಶುರು ಮಾಡಿ. ಇಲ್ಲಿ ಶಾಲೆ ವಿಷಯ ಮಾತ್ರ. ಈರುಳ್ಳಿ ಬಗ್ಗೆ ಬಂದ ಹನ್ನೊಂದು ಪ್ರತಿಕ್ರಿಯೆ ಅಲ್ಲಿಗೆ ಸಾಗಿಸಿದ್ದೇನೆ.

ಪ್ರೆಸ್ ಕೆಲಸದವ:
ಹೊಸ ಸಮಸ್ಯೆ. ಸರ್ಕಾರಿ ಶಾಲೆಗೆ ಹೋಗಿ ಎಚ್‌ಎಂ ಮೇಡಂ ನೋಡಿದೆ. ಒಳ್ಳೆಯವರು, ನೀರು ಕೊಟ್ಟು ಕೂರಿಸಿದರು. ಆದರೆ ಕಂಪ್ಯೂಟರ್‌ನಲ್ಲಿ ಮಗಳ ಹೆಸರು ಇನ್ನೂ ಹಳೆ ಶಾಲೆಯಲ್ಲೇ ತೋರಿಸುತ್ತಿದೆ. ಅವರು ಬಿಡಬೇಕಂತೆ. ಹಳೆ ಶಾಲೆಯವರು ಹೋದ ವರ್ಷದ ಬಾಕಿ ಕಟ್ಟಿ ಅಂತಾರೆ.

ಚಾಕ್‌ಪೀಸ್:
ಸ್ಯಾಟ್ಸ್ ಅದು, ಮಕ್ಕಳ ದಾಖಲೆ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ. ಪ್ರತಿ ಮಗುವಿಗೂ ಒಂದು ನಂಬರ್ ಇರುತ್ತದೆ, ಒಂದನೇ ಕ್ಲಾಸಿನಿಂದ ಅದೇ ನಂಬರ್. ಹಳೆ ಶಾಲೆ ಟಿಸಿ ಕೊಟ್ಟು ಆನ್‌ಲೈನ್‌ನಲ್ಲಿ ಬಿಡುಗಡೆ ಮಾಡಿದ ಮೇಲೆ ಹೊಸ ಶಾಲೆ ಎಳೆದುಕೊಳ್ಳಬಹುದು. ಬಾಕಿ ಇದೆ ಅಂತ ಮಗುವನ್ನು ಒತ್ತೆ ಇಟ್ಟುಕೊಳ್ಳುವ ಹಾಗಿಲ್ಲ. ಬಾಕಿ ನಿಮಗೂ ಅವರಿಗೂ ಇರುವ ವ್ಯವಹಾರ. ಈಗ ಬಿಇಒ ಆಫೀಸಿಗೆ ಹೋಗುವ ಸಮಯ. ಎರಡು ಪ್ರತಿ ಅರ್ಜಿ ಬರೆಯಿರಿ, ಒಂದರ ಮೇಲೆ ಸೀಲ್ ಹಾಕಿಸಿಕೊಳ್ಳಿ. ಸೀಲ್ ಮುಖ್ಯ. ಅಷ್ಟರ ತನಕ ಮಗಳನ್ನು ಕ್ಲಾಸಿಗೆ ಕಳಿಸುತ್ತಾ ಇರಿ.

ನಿವೃತ್ತ ಎಚ್ಚೆಮ್:
ಬೆಳಿಗ್ಗೆ ಹತ್ತೂವರೆಗೆ ಹೋಗಿ. ಹನ್ನೊಂದಕ್ಕೆ ಮೀಟಿಂಗ್ ಶುರುವಾದರೆ ಸಂಜೆಯೇ. ಇನ್ನೊಂದು ಮಾತು, ಬೋರ್ಡಿನಲ್ಲಿ ದಕ್ಷಿಣದ ಮುಂದೆ ನಂಬರ್ ನೋಡಿಕೊಳ್ಳಿ.

ಎಸ್‌ಡಿಎಂಸಿ ಅಕ್ಕ:
ಈ ತಿಂಗಳು ಸಮೀಕ್ಷೆ, ವೋಟರ್ ಲಿಸ್ಟು ಅಂತ ಏನಾದರೂ ಇದ್ದರೆ ಆಫೀಸಿನಲ್ಲಿ ಯಾರೂ ಸಿಗಲ್ಲ, ಶಾಲೆಯಲ್ಲೂ ಸಿಗಲ್ಲ. 2025ರ ದಸರಾ ರಜೆ ಅಕ್ಟೋಬರ್ 18ರ ತನಕ ಎಳೆದರಲ್ಲ, ಜಾತಿ ಸಮೀಕ್ಷೆಗೆ ಮೇಷ್ಟ್ರು ಬೇಕು ಅಂತ. ನನ್ನ ಮಗಳು ಮಗ್ಗಿ ಮರೆತು ಬಂದಳು.

ಚಾಕ್‌ಪೀಸ್:
ಅಕ್ಕಾ, ನಾನು ಆ ಸಮೀಕ್ಷೆಯಲ್ಲಿ ಆರನೇ ಮಹಡಿ ಹತ್ತಿ ಬೆಲ್ ಮಾಡಿದರೆ, ಬಾಗಿಲ ಸಂದಿಯಿಂದ ‘ಏನು ಮಾರಾಟ ಮಾಡ್ತಿದ್ದೀರಿ?’ ಅಂತ ಕೇಳಿದರು.

ಪ್ರೆಸ್ ಕೆಲಸದವ:
ಎಲ್ಲರಿಗೂ ಕೊನೆಯ ಸುದ್ದಿ. ಅರ್ಜಿ ಕೊಟ್ಟೆ, ಸೀಲ್ ಹಾಕಿಸಿಕೊಂಡೆ. ಒಂಬತ್ತು ದಿನಕ್ಕೆ ಬಿಡುಗಡೆ ಆಯಿತು. ಬಾಕಿಯನ್ನು ಮೂರು ಕಂತಿನಲ್ಲಿ ಕೊಡುತ್ತೇನೆ ಅಂತ ಬರೆದುಕೊಟ್ಟಿದ್ದೇನೆ, ಕೊಡುತ್ತೇನೆ ಕೂಡ. ಮಗಳು ಹೋಗುತ್ತಿದ್ದಾಳೆ. ಮೊದಲ ದಿನ ಅತ್ತಳು. ಮೂರನೇ ದಿನ ಊಟದ ಸಾಲಿನಲ್ಲಿ ಒಬ್ಬಳು ಗೆಳತಿ ಸಿಕ್ಕಿದ್ದಾಳೆ. ಮನೆಯಲ್ಲಿ ಈಗ ‘ನನಗ, ನಿನಗ’ ಶುರುವಾಗಿದೆ. ನನ್ನ ಹೆಂಡತಿ ಮಂಡ್ಯದವಳು, ತಲೆ ಮೇಲೆ ಕೈ ಹೊತ್ತು ಕೂತಿದ್ದಾಳೆ.

ಪುಸ್ತಕ ಬಂದಿದೆ. ಯೂನಿಫಾರ್ಮ್ ಒಂದು ಜೊತೆ ಕೊಟ್ಟರು, ಇನ್ನೊಂದು ಆಮೇಲೆ ಅಂದರು. ಶೂ ಅಳತೆ ತಗೊಂಡಿದ್ದಾರೆ, ಯಾವಾಗ ಬರುತ್ತೋ ಗೊತ್ತಿಲ್ಲ.

ಎಸ್‌ಡಿಎಂಸಿ ಅಕ್ಕ:
ಅಳತೆ ಒಂದು ನಂಬರ್ ದೊಡ್ಡದು ಬರೆಸಿ ಅಣ್ಣ, ಬರುವಷ್ಟರಲ್ಲಿ ಕಾಲು ಬೆಳೆದಿರುತ್ತದೆ. ಮತ್ತೆ ಶೂ ಜೊತೆ ಸಾಕ್ಸ್ ಎರಡು ಜೊತೆ ಬರಬೇಕು. ಒಂದೇ ಕೊಟ್ಟರೆ ಕೇಳಿ ತಗೊಳ್ಳಿ.